ಮದುಮಗನ ಕಾರು ಮತ್ತು ಒಂದು ಕೆಂಪು ದೀಪ

1974ರ ಮೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯ ಮೇಲೆ, ಮದುಮಗನನ್ನು ಕೂಡಿಸಿಕೊಂಡು ಹೊರಟಿದ್ದ ಕಾರೊಂದು ನಿಂತಿತು. ಬಬಲೇಶ್ವರ ಇನ್ನೂ ಮೂರು ಮೈಲು ಇತ್ತು. ಮುಹೂರ್ತದ ಅಕ್ಕಿಕಾಳು ಬೀಳಲು ಒಂದು ಗಂಟೆ ನಲವತ್ತೈದು ನಿಮಿಷ ಉಳಿದಿತ್ತು. ಕಾರು ನನ್ನದು. ನಿಲ್ಲಿಸಿದವನೂ ನಾನೇ. ಕಾರಿಗೆ ಏನೂ ಆಗಿರಲಿಲ್ಲ.

ಇಷ್ಟು ಸಂಗತಿಗಳ ಬಗ್ಗೆ ಯಾರದೂ ತಕರಾರಿಲ್ಲ. ಉಳಿದದ್ದನ್ನು ನಮ್ಮ ಬೀಗರ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿರುವುದರಿಂದ, ನಡೆದದ್ದನ್ನು ನಡೆದಂತೆ ದಾಖಲಿಸುವುದು ನನ್ನ ಕರ್ತವ್ಯ.

ನಾನು ವಿಜಾಪುರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಇಷ್ಟು ವರ್ಷಗಳಲ್ಲಿ ನನ್ನ ಒಂದು ಸುದ್ದಿಗೂ ಮರುದಿನ ತಿದ್ದುಪಡಿ ಹಾಕುವ ಪ್ರಸಂಗ ಬಂದಿಲ್ಲ. ಕಾರಣ ನನ್ನ ನಿಯಮ. ಒಬ್ಬರು ಹೇಳಿದರೆ ಅದು ಮಾತು, ಇಬ್ಬರು ಹೇಳಿದರೆ ಅದು ಸುದ್ದಿ. ಈ ನಿಯಮದ ಬಗ್ಗೆ ನನಗೆ ಹೆಮ್ಮೆಯಿದೆ. ಕಾರಿನ ಬಗ್ಗೆಯೂ ಅಷ್ಟೇ ಹೆಮ್ಮೆಯಿತ್ತು.

ಕಾರನ್ನು ನಿವೃತ್ತ ಡಾಕ್ಟರೊಬ್ಬರಿಂದ ಕೊಂಡಿದ್ದೆ. ಜಿಲ್ಲೆಯ ಎಷ್ಟೋ ಹೆರಿಗೆಗಳಿಗೆ ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟಿದ ಕಾರು ಅದು. ಬಣ್ಣ ಕಪ್ಪು. ನಾಲ್ಕು ಬಾಗಿಲುಗಳಲ್ಲಿ ಮೂರು ತೆರೆಯುತ್ತಿದ್ದವು. ನಾಲ್ಕನೆಯದು ಯಾರಿಗೂ ತೆರೆಯುತ್ತಿರಲಿಲ್ಲ, ಆದ್ದರಿಂದ ಆ ಕಡೆಯಿಂದ ಕಳ್ಳರ ಭಯ ಇರಲಿಲ್ಲ! ನಮ್ಮ ಓಣಿಯಲ್ಲಿ ಅದೊಂದೇ ಕಾರು. ಭಾನುವಾರ ಅದನ್ನು ನಾನೇ ತೊಳೆಯುತ್ತಿದ್ದೆ. ಹೋಗಿಬರುವವರು ಹೆಚ್ಚಿರುವ ಹೊತ್ತು ನೋಡಿಯೇ ತೊಳೆಯುತ್ತಿದ್ದೆ.

ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಬಟಾಣಿ ಕಾಳಿನಷ್ಟು ಒಂದು ಕೆಂಪು ದೀಪ ಇತ್ತು. ಫೆಬ್ರವರಿಯಲ್ಲಿ ಒಂದು ದಿನ ಅದು ಹತ್ತಿತು. ಆಮೇಲೆ ಆರಲಿಲ್ಲ. ಗಾಡಿ ಓಡುತ್ತಿದ್ದಷ್ಟು ಹೊತ್ತೂ ಉರಿಯುತ್ತಿತ್ತು. ನಾನು ಅದನ್ನು ಅಲಂಕಾರವೆಂದು ತಿಳಿದು ಓಣಿಯವರನ್ನು ಕರೆದು ತೋರಿಸಿದೆ.

ನನ್ನ ಹೆಂಡತಿ ಕಸ್ತೂರಿಗೆ ಮಾತ್ರ ಅನುಮಾನ ಬಂತು.

"ಅಲ್ರೀ, ಆ ದೀಪ ಏನೋ ಹೇಳಾಕತ್ತೈತಿ."

"ಎಲ್ಲಾ ಸರಿ ಐತಿ ಅಂತ ಹೇಳಾಕತ್ತೈತಿ."

"ಸರಿ ಇದ್ರ ಕೆಂಪು ಯಾಕ?"

ಪ್ರಶ್ನೆ ಚೆನ್ನಾಗಿತ್ತು. ಪ್ರಶ್ನೆ ಕೇಳುವುದೇ ಕಸುಬಾದ ನನಗೆ ಅದು ಹೊಳೆದಿರಲಿಲ್ಲ.

ತನಿಖೆ ಆರಂಭಿಸಿದೆ. ಪಕ್ಕದ ಮನೆಯ ಹೈಸ್ಕೂಲ್ ಮಾಸ್ತರರು ವಿಜ್ಞಾನ ಕಲಿಸುವವರು. ಅವರು ದೀಪವನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿದರು. "ಎಂಜಿನ್ನಿಗಿ ಎಣ್ಣಿ ಕಡಿಮಿ ಆಗೈತ್ರಿ," ಎಂದರು. ಇದು ಒಂದು ಮೂಲ. ಸಂಜೆ ಕಿರಾಣಿ ಅಂಗಡಿಯ ಶೆಟ್ಟರನ್ನು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ನಿಮ್ಮ ಗಾಡಿಗಿ ಎಣ್ಣಿ ಕಡಿಮಿ ಆಗೈತಂತಲ್ರೀ?" ಎಂದರು. ಎರಡನೆಯ ಮೂಲ! ಸುದ್ದಿ ದೃಢಪಟ್ಟಿತು. ಎರಡು ಡಬ್ಬಿ ಎಣ್ಣೆ ತಂದು ಪೂರ್ತಿ ಸುರಿದೆ.

ಮರುದಿನ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಓಣಿಯಲ್ಲಿ ಎದ್ದ ಹೊಗೆಗೆ ಎರಡು ಮನೆಯವರು ಒಣಹಾಕಿದ್ದ ಹಪ್ಪಳ ಬಾಚಿಕೊಂಡು ಒಳಗೆ ಓಡಿದರು. ಹೊಗೆಯ ನಡುವೆ ಕೆಂಪು ದೀಪ ಮೊದಲಿಗಿಂತ ಚೆಂದ ಕಾಣುತ್ತಿತ್ತು.

"ಅದರ ಮ್ಯಾಲೆ ನಂದೊಂದು ದೊಡ್ಡ ಹಣೀ ಟಿಕಳಿ ಹಚ್ಚಿಬಿಡ್ರಿ," ಎಂದಳು ಕಸ್ತೂರಿ. "ದೀಪಾನೂ ಕಾಣಾಂಗಿಲ್ಲ, ಗಾಡಿಗೂ ಲಕ್ಷಣ ಬರ್ತೈತಿ."

ವಿಚಾರಿಸಿದಾಗ ತಿಳಿದದ್ದು: ಶೆಟ್ಟರಿಗೆ ಈ ಸುದ್ದಿ ಹೇಳಿದವರು ಅದೇ ಮಾಸ್ತರರು. ಎರಡು ಮೂಲ ಅಂದುಕೊಂಡಿದ್ದು ಒಂದೇ ಮೂಲವಾಗಿತ್ತು. ಅಂದೇ ನಿಯಮವನ್ನು ಬಿಗಿ ಮಾಡಿದೆ. ಇನ್ನು ಮೇಲೆ ಇಬ್ಬರು ಹೇಳಿದರೆ ಸಾಲದು, ಆ ಇಬ್ಬರು ಒಬ್ಬರನ್ನೊಬ್ಬರು ನೋಡಿಯೂ ಇರಬಾರದು!

ಈ ನಡುವೆ ಕಸ್ತೂರಿಯ ತಮ್ಮ ಮಲ್ಲಪ್ಪನ ಮದುವೆ ನಿಶ್ಚಯವಾಯಿತು. ಅವರ ಮನೆ ಟಿಕೋಟಾ, ಹುಡುಗಿಯ ಮನೆ ಬಬಲೇಶ್ವರ. ನಿಶ್ಚಯದ ದಿನ, ಹತ್ತು ಜನ ಹಿರಿಯರ ಮುಂದೆ, ಯಾರೂ ಕೇಳದೆ ಇದ್ದಾಗ ನಾನೇ ಘೋಷಿಸಿದೆ: "ಮದುಮಗ ನನ್ನ ಕಾರಿನ್ಯಾಗ ಬರ್ತಾನ!"

ಹುಡುಗಿಯ ಅಜ್ಜ ಬಸಪ್ಪನವರು ಮೀಸೆಯ ಮೇಲೆ ಬೆರಳಿಟ್ಟು ಕೇಳಿದರು. "ಬೀಗರ, ಹನ್ನೆರಡು ಹೊಡದು ಐದ ನಿಮಿಷಕ್ಕ ಅಕ್ಕಿಕಾಳ ಬೀಳಬೇಕ್ರಿ. ಈ ಗಳಿಗಿ ತಪ್ಪಿದ್ರ ಮುಂದ ಶ್ರಾವಣಕ್ಕ ಹೋಗತೈತಿ. ಗಾಡಿ ಖಾತ್ರಿ ಐತೇನ್ರಿ?"

"ಪೇಪರಿನ್ಯಾಗ ಬಂದಷ್ಟು ಖಾತ್ರಿ ಐತ್ರಿ," ಎಂದೆ.

ಮನೆಗೆ ಬರುವಾಗ ಕಸ್ತೂರಿ ಒಂದೇ ಮಾತು ಹೇಳಿದಳು. "ಗಳಿಗಿ ತಪ್ಪಿದ್ರ ನಾ ತವರಮನಿಗಿ ಮಾರಿ ತೋರಸಾಂಗಿಲ್ಲ. ನಿಮಗೂ ತೋರಸಾಂಗಿಲ್ಲ."

ಮದುವೆಯ ಹಿಂದಿನ ದಿನ ಕಾರನ್ನು ಊರಂಚಿನ ಇಬ್ರಾಹಿಂಪುರಕ್ಕೆ, ರೈಲು ಹಳಿಯ ಹತ್ತಿರದ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಮೊದಲೇ ಹೋಗಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ದಸ್ತಗೀರ ದೀಪ ನೋಡಿದ, ಎಣ್ಣೆ ನೋಡಿದ, ನನ್ನ ಮುಖ ನೋಡಿದ.

"ಪೇಪರ್ ಸಾಹೇಬ್ರ, ಇಷ್ಟು ಎಣ್ಣಿ ಯಾರ ಕುಡಿಸ್ಯಾರ್ರೀ ಇದಕ್ಕ?"

ಮೂಲವನ್ನು ಬಹಿರಂಗಪಡಿಸುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ.

"ಇದು ಎಣ್ಣಿ ದೀಪ ಅಲ್ರೀ. ಚಾರ್ಜಿಂಗ್ ದೀಪ. ಡೈನಮೋ ಬ್ಯಾಟರಿಗಿ ಉಣ್ಣಾಕ ನೀಡವಲ್ದು. ಬ್ಯಾಟರಿ ಉಪಾಸ ಐತಿ, ಅದಕ್ಕ ದೀಪ ಒದರಾಕತ್ತೈತಿ."

ಹೆಚ್ಚಿನ ಎಣ್ಣೆ ಇಳಿಸಿ, ಡೈನಮೋ ಬಿಚ್ಚಿ, ಸವೆದ ಬ್ರಶ್ ತೆಗೆದು ಹೊಸದು ಹಾಕಿದ. ದೀಪ ಇನ್ನೂ ಉರಿಯುತ್ತಲೇ ಇತ್ತು. ಕೇಳಿದ್ದಕ್ಕೆ ಹೇಳಿದ: "ಹೊಸಾ ಬ್ರಶ್ ಅದಾವ್ರಿ. ಮೈ ಸವದು ಸರಿಯಾಗಿ ಕೂಡಾಕ ಹದಿನೈದಿಪ್ಪತ್ತು ಮೈಲು ಓಡಬೇಕು. ನಾಳಿ ಹ್ಯಾಂಡಲ್ ತಿರುವಿ ಚಾಲೂ ಮಾಡ್ರಿ, ಮಾಡಿದ ಮ್ಯಾಲೆ ಒಂದ ಮಾತು ನೆನಪ ಇಡ್ರಿ. ದೀಪ ದೊಡ್ಡದಾಗೂತನಾ ಎಂಜಿನ್ ಬಂದ್ ಮಾಡಬ್ಯಾಡ್ರಿ."

ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡೆ. ನನ್ನ ಪದ್ಧತಿಯಂತೆ ಅವನಿಗೇ ಓದಿ ಹೇಳಿದೆ. "'ದೀಪ ದೊಡ್ಡದಾಗುವ ತನಕ ಎಂಜಿನ್ ಬಂದ್ ಮಾಡಬಾರದು.' ಹೌದಲ್ಲೋ?"

"ಅದಾ ರೀ."

ಅದರ ಕೆಳಗೆ ನನ್ನ ಸ್ವಂತ ವಿವರಣೆ ಸೇರಿಸಿದೆ: 'ಅಂದರೆ, ದೀಪ ದೊಡ್ಡದಾದ ಕೂಡಲೇ ಬಂದ್ ಮಾಡಬೇಕು.' ಇದನ್ನು ಅವನಿಗೆ ಓದಿ ಹೇಳಲಿಲ್ಲ. ಇಷ್ಟು ಸ್ಪಷ್ಟವಾದದ್ದನ್ನು ಯಾರು ಓದಿ ಹೇಳುತ್ತಾರೆ?

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಹ್ಯಾಂಡಲ್ ತಿರುವಿದೆ. ಎರಡನೇ ಸುತ್ತಿಗೇ ಕಾರು ಎದ್ದಿತು. ಕಸ್ತೂರಿಯನ್ನು ಕೂಡಿಸಿಕೊಂಡು ಹೊರಟೆ. ಇಟ್ಟಂಗಿಹಾಳದ ಕಡೆ ಹೊಲಕ್ಕೆ ಹೊರಟವರು ನಿಂತು ನೋಡಿದರು. ನಾನು ಯಾರನ್ನೂ ನೋಡದಂತೆ ಎಲ್ಲರನ್ನೂ ನೋಡಿದೆ. ದೀಪ ಉರಿಯುತ್ತಿತ್ತು, ಆದರೆ ದೊಡ್ಡದಾಗಿರಲಿಲ್ಲ. ಎಲ್ಲವೂ ನಿಯಮದಂತೆ ನಡೆದಿತ್ತು.

ಟಿಕೋಟಾದಲ್ಲಿ ದಿಬ್ಬಣದವರೆಲ್ಲ ಲಾರಿಯಲ್ಲಿ ಆಗಲೇ ಮುಂದೆ ಹೋಗಿದ್ದರು. ಮಲ್ಲಪ್ಪ ಬಾಸಿಂಗ ಕಟ್ಟಿಕೊಂಡು ತಯಾರಾಗುವ ತನಕ, ಸುಮಾರು ಮುಕ್ಕಾಲು ಗಂಟೆ, ಮನೆಯ ಮುಂದೆ ಎಂಜಿನ್ ಗುರುಗುಡುತ್ತಲೇ ಇತ್ತು. ನೆರೆದ ಮಂದಿಯಲ್ಲಿ ಒಬ್ಬರು ಕೇಳಿದರು.

"ಸಾಹೇಬ್ರ, ನಿಂತ ಗಾಡಿ ಯಾಕ ಬಂದ್ ಮಾಡವಲ್ರಿ?"

"ತಾಂತ್ರಿಕ ಕಾರಣ," ಎಂದೆ.

ಮುಂದೆ ಯಾರೂ ಪ್ರಶ್ನೆ ಕೇಳಲಿಲ್ಲ. ಇಷ್ಟು ಗೌರವ ನನಗೆ ಸುದ್ದಿಗೋಷ್ಠಿಗಳಲ್ಲೂ ಸಿಕ್ಕಿಲ್ಲ.

ಬಟ್ಟೆಯ ಟ್ರಂಕು ಡಿಕ್ಕಿಯಲ್ಲಿ ಹಿಡಿಯಲಿಲ್ಲ. ಅಡ್ಡ ಬರುತ್ತಿದ್ದದ್ದು ಹ್ಯಾಂಡಲ್. ಅದನ್ನು ತೆಗೆದು ಕಟ್ಟೆಯ ಮೇಲಿಟ್ಟೆ.

"ಮಾಮಾರ, ಅದು ಬೇಕಾಗಾಂಗಿಲ್ರಿ?" ಎಂದ ಮಲ್ಲಪ್ಪ.

"ಗಾಡಿ ಚಾಲೂನ ಐತಿ. ಚಾಲೂ ಇದ್ದ ಗಾಡಿಗಿ ಚಾಲೂ ಮಾಡೂ ಹ್ಯಾಂಡಲ್ ಯಾಕೋ?"

ಈ ವಾದದಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ.

ಹಿಂದಿನ ಸೀಟಿನಲ್ಲಿ ಮಲ್ಲಪ್ಪ, ಅವನ ಪಕ್ಕ ಕಳಸ ಹಿಡಿದ ಕಸ್ತೂರಿ. ಮುಂದೆ ನನ್ನ ಪಕ್ಕ ಕಸ್ತೂರಿಯ ಅಜ್ಜಿ. ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಆಯಿಗೆ ಎಂಬತ್ತರ ಹತ್ತಿರ. ಕಣ್ಣು ಚುರುಕು, ಸೂಜಿಗೆ ದಾರ ಈಗಲೂ ಅವರೇ ಪೋಣಿಸುತ್ತಾರೆ. ವಿಜಾಪುರದ ಗ್ಯಾರೇಜನ್ನು ಅವರು ನೋಡಿದವರಲ್ಲ, ದಸ್ತಗೀರ ಟಿಕೋಟಾದ ಆಯಿಯನ್ನು ನೋಡಿದವನಲ್ಲ. ಸಂಪೂರ್ಣ ಸ್ವತಂತ್ರ ಮೂಲ!

"ಆಯೀ, ನಾ ದಾರಿ ನೋಡಬೇಕು. ಈ ಕೆಂಪು ದೀಪ ನೀವು ನೋಡ್ರಿ. ಏನರ ಫರಕ್ ಆದ್ರ ಒದರ್ರಿ."

"ದೀಪ ಕಾಯೂದು ನನಗ ಹೊಸಾದೇನಪಾ?" ಎಂದು ಆಯಿ ಸೆರಗು ಸರಿಪಡಿಸಿಕೊಂಡು ಕೂತರು. ಮುಂದಿನ ದಾರಿಯುದ್ದಕ್ಕೂ ಅವರು ರಸ್ತೆ ನೋಡಲಿಲ್ಲ, ಹೊಲ ನೋಡಲಿಲ್ಲ. ಆಗಾಗ ವರದಿ ಕೊಡುತ್ತಿದ್ದರು.

"ಐತಿ ಯಪ್ಪಾ. ಹಂಗ ಐತಿ."

ಸ್ವಲ್ಪ ಹೊತ್ತಿನ ಮೇಲೆ: "ಮಿಣಿಮಿಣಿ ಅನ್ನಾಕತ್ತೈತಿ."

ಮಿಣಿಮಿಣಿ ಅಂದರೆ ಸಣ್ಣದು. ಸಣ್ಣದು ಅಂದರೆ ಸುರಕ್ಷಿತ. ವೇಗ ಹೆಚ್ಚಿಸಿದೆ.

ಹತ್ತು ಇಪ್ಪತ್ತಕ್ಕೆ ಆಯಿ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡು ಕೂಗಿದರು. "ದೊಡ್ಡದಾತೋ ಯಪ್ಪಾ! ದೀಪ ದೊಡ್ಡದಾತು!"

ದಸ್ತಗೀರನ ಮಾತು, ಆಯಿಯ ಮಾತು, ಅಕ್ಷರಕ್ಕೆ ಅಕ್ಷರ ಒಂದೇ! ಸುದ್ದಿ ದೃಢಪಟ್ಟಿತು. ನಾನು ಕಾರನ್ನು ಬದಿಗೆ ಒತ್ತಿ, ಎಂಜಿನ್ ಬಂದ್ ಮಾಡಿ, ಕೀಲಿ ಕಿತ್ತು ಹೊರಗೆ ಹಾರಿದೆ. "ಎಲ್ಲಾರೂ ಇಳೀರಿ! ಎಂಜಿನ್ ಹೋಗತೈತಿ!"

ದಾಖಲೆಗೆ ಹೇಳಬೇಕಾದದ್ದು ಇಷ್ಟು. ನಾನು ಕಣ್ಣಾರೆ ಕೂಡ ಪರೀಕ್ಷಿಸಿದೆ. ಕೀಲಿ ಮತ್ತೆ ಹಾಕಿ ಅರ್ಧ ತಿರುಗಿಸಿ ನೋಡಿದೆ. ದೀಪ ಕೆಂಪಗೆ, ಪೂರ್ತಿಯಾಗಿ ಉರಿಯುತ್ತಿತ್ತು. ದೊಡ್ಡದಾಗಿಯೇ ಕಂಡಿತು.

"ನೋಡ್ರಿ!" ಎಂದೆ ಎಲ್ಲರಿಗೂ. ಎಲ್ಲರೂ ನೋಡಿದರು. ಆಯಿ ಏನೋ ಹೇಳಲು ಬಾಯಿ ತೆರೆದರು. "ಆಯೀ, ನಿಮ್ಮ ಕೆಲಸ ಮುಗೀತು. ಶಾಣ್ಯಾರು ನೀವು. ಇನ್ನ ನಾ ನೋಡ್ಕೋತೀನಿ," ಎಂದು ಅವರನ್ನು ಬೇವಿನ ನೆರಳಿಗೆ ಕಳಿಸಿದೆ.

ಬಾನೆಟ್ ತೆರೆದೆ. ಎಂಜಿನ್ ಬಿಸಿಯಾಗಿತ್ತು. ಇಷ್ಟು ದೂರ ಓಡಿದ ಎಂಜಿನ್ ಬಿಸಿಯಾಗಿರುತ್ತದೆ ಎಂಬುದು ಆಗ ನೆನಪಾಗಲಿಲ್ಲ. ಕುಡಿಯಲು ತಂದಿದ್ದ ತತ್ರಾಣಿಯ ನೀರನ್ನೆಲ್ಲ ಅದರ ಮೇಲೆ ಹೊಯ್ದೆ. ಚುಂಯ್ ಎಂದು ಹಬೆ ಎದ್ದಿತು. ಚೆನ್ನಾಗಿ ತಣ್ಣಗಾಯಿತೆಂದು ಖಾತ್ರಿ ಮಾಡಿಕೊಂಡು ಕೀಲಿ ತಿರುಗಿಸಿದೆ. ಉಪವಾಸದ ಬ್ಯಾಟರಿ ಒಮ್ಮೆ ನರಳಿತು. ಅಷ್ಟೇ. ಹ್ಯಾಂಡಲ್ ಟಿಕೋಟಾದ ಕಟ್ಟೆಯ ಮೇಲಿತ್ತು.

"ನೂಕೂನು," ಎಂದ ಮಲ್ಲಪ್ಪ.

ಬಾಸಿಂಗ ಕಟ್ಟಿದ ಮದುಮಗ ಹಿಂದಿನಿಂದ, ಕಳಸವನ್ನು ಆಯಿಯ ಕೈಗೆ ಕೊಟ್ಟ ಅಕ್ಕ ಪಕ್ಕದಿಂದ ನೂಕಿದರು. ನಾನು ಒಳಗೆ ಕೂತು ಪ್ರೋತ್ಸಾಹಿಸಿದೆ. ಕಾರು ಇಪ್ಪತ್ತು ಮಾರು ಉರುಳಿತು. ಎಂಜಿನ್ ಎಚ್ಚರವಾಗಲಿಲ್ಲ. ನಾನೇ ಸ್ನಾನ ಮಾಡಿಸಿದ್ದೆನಲ್ಲ, ಪ್ಲಗ್ಗುಗಳೆಲ್ಲ ನೆನೆದು ಕೂತಿದ್ದವು. ಮಲ್ಲಪ್ಪನ ಬಾಸಿಂಗ ಕಿವಿಗೆ ಬಂದಿತ್ತು.

"ಎಷ್ಟಾತ್ರಿ ಟೈಮು?" ಎಂದಳು ಕಸ್ತೂರಿ.

"ಹತ್ತೂವರಿ ಮ್ಯಾಲೆ..."

"ಪೂರ್ತಿ ಹೇಳ್ರಿ."

"ಹನ್ನೊಂದು."

ಆ ಹೊತ್ತಿಗೆ ಎದುರಿನಿಂದ ಖಾಲಿ ಚಕ್ಕಡಿ ಬಂತು. ಹೊಡೆಯುತ್ತಿದ್ದವರು ಸಿದ್ರಾಮಪ್ಪ, ಬಬಲೇಶ್ವರದ ರೈತರು. ಎತ್ತುಗಳು ಬಿಳಿಯವು, ಎತ್ತರದವು. ಸಿದ್ರಾಮಪ್ಪ ಇಳಿದು ಕಾರನ್ನು ಒಂದು ಸುತ್ತು ಹಾಕಿದರು.

"ಇದಕ್ಕ ಎಷ್ಟು ಕುದುರಿ ಶಕ್ತಿ ಅಂತೀರಿ?"

"ನಲವತ್ತು," ಎಂದೆ. ಆ ಸ್ಥಿತಿಯಲ್ಲೂ ಎದೆ ಉಬ್ಬಿತು.

"ಹಂಗಾರ ನನ್ನ ಎರಡು ಎತ್ತ ಸಾಕು ಬಿಡ್ರಿ," ಎಂದು ಚಕ್ಕಡಿ ಬಿಟ್ಟು, ನೊಗಕ್ಕೆ ಹಗ್ಗ ಕಟ್ಟಿ ಬಂಪರಿಗೆ ಬಿಗಿದರು. "ಬಸಪ್ಪಗೌಡ್ರ ಮೊಮ್ಮಗಳ ಮದುವಿ ತಪ್ಪಬಾರ್ದು."

ಹನ್ನೊಂದೂ ಹತ್ತಕ್ಕೆ ಮೆರವಣಿಗೆ ಹೊರಟಿತು. ಮುಂದೆ ಎತ್ತು. ಬಾನೆಟ್ಟಿನ ಮೇಲೆ ಹಗ್ಗ ಹಿಡಿದು, ಕಾಲು ಇಳಿಬಿಟ್ಟು ಕೂತ ಸಿದ್ರಾಮಪ್ಪ. ಅವರ ರುಮಾಲಿನ ಹಿಂದೆ, ಏನೂ ಕಾಣದೆ, ಸ್ಟೇರಿಂಗ್ ಹಿಡಿದ ನಾನು. ಹಾರನ್ ಹೊಡೆಯಲೆಂದು ಕೀಲಿ ತಿರುಗಿಸಿಟ್ಟಿದ್ದೆ, ಅದು ಸಣ್ಣಗೆ ಕೀರಲು ದನಿ ಕೊಡುತ್ತಿತ್ತು. ಎತ್ತಿನ ನಡಿಗೆ ಲೆಕ್ಕ ಹಾಕಿದೆ. ಹನ್ನೆರಡೂಕಾಲಕ್ಕೆ ಮುಟ್ಟುತ್ತೇವೆ. ಗಳಿಗೆ ಮುಗಿದು ಹತ್ತು ನಿಮಿಷಕ್ಕೆ. ಲೆಕ್ಕವನ್ನು ಯಾರಿಗೂ ಹೇಳಲಿಲ್ಲ. ಕಸ್ತೂರಿ ಆಗಲೇ ಹಾಕಿದ್ದಳೆಂದು ಕನ್ನಡಿಯಲ್ಲಿ ಅವಳ ಮುಖ ನೋಡಿದಾಗ ಗೊತ್ತಾಯಿತು.

ಮಾತು ಬದಲಿಸಲು ಕೇಳಿದೆ. "ಆಯೀ, ದೀಪ ಇನ್ನೂ ದೊಡ್ಡದು ಐತೇನ್ರಿ?"

"ಎಲ್ಲೀದು ಯಪ್ಪಾ? ಈಗ ಹತ್ತೈತಲ್ಲ. ಆಗ ದೊಡ್ಡದಾಗಿತ್ತು. ನೀ ಗಾಡಿ ಬಂದ್ ಮಾಡಿದಿ, ಮತ್ತ ಹತ್ತಿತು. ಹೇಳಾಕ ಬಂದ್ರ ನೆರಳಿಗಿ ಕಳಸಿದಿ."

ನಾನು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದೆ. ಹಿಂದಿನಿಂದ ಕಸ್ತೂರಿ ಕಿರುಚಿದಳು. "ಅಯ್ಯ! ದೀಪ ಆರಿತ್ತಂತ್ರಿ!"

"ಏ ಹುಚ್ಚಿ!" ಆಯಿ ತಿರುಗಿ ಬೈದರು. "ಮದುವಿಗಿ ಹೊಂಟೀವಿ, ಕೈಯಾಗ ಕಳಸ ಹಿಡದೀದಿ. ದೀಪಕ್ಕ ಹಂಗ ಅಂತಾರೇನ? ದೊಡ್ಡದಾತು ಅನ್ನಬೇಕು!"

ಓದುಗರಿಗೆ ಇದು ಗೊತ್ತಿರುವ ಸಂಗತಿ. ನನಗೂ ಗೊತ್ತು. ನಮ್ಮ ಮನೆಗಳಲ್ಲಿ ದೀಪ 'ಆರಿತು' ಅನ್ನುವುದಿಲ್ಲ, ಅಶುಭ. ಆರಿದರೆ 'ದೊಡ್ಡದಾಯಿತು' ಅನ್ನುತ್ತಾರೆ. ನಮ್ಮವ್ವ ದೇವರ ಮುಂದಿನ ದೀಪಕ್ಕೆ ಹಾಗೆ ಅನ್ನುವುದನ್ನು ಕೇಳಿಯೇ ನಾನು ಬೆಳೆದವನು. ಆದರೆ ಮೋಟಾರಿನ ದೀಪಕ್ಕೂ ಆ ಮರ್ಯಾದೆ ಸಲ್ಲುತ್ತದೆಂದು ಹೊಳೆದಿರಲಿಲ್ಲ. ದಸ್ತಗೀರ ಹೇಳಿದ್ದು ದೀಪ ಆರುವ ತನಕ, ಅಂದರೆ ಬ್ಯಾಟರಿಗೆ ಊಟ ಸಿಗತೊಡಗುವ ತನಕ, ಎಂಜಿನ್ ನಿಲ್ಲಿಸಬೇಡಿ ಎಂದು. ಆಯಿ ಕೈ ಮುಗಿದದ್ದು ಹೆದರಿಕೆಯಿಂದಲ್ಲ, ದೀಪ ಆರಿ ಕಾರು ಗುಣವಾಯಿತೆಂಬ ಸಂತೋಷಕ್ಕೆ. ಎಂಜಿನ್ ನಿಲ್ಲಿಸಿ ಕೀಲಿ ತಿರುಗಿಸಿದರೆ ಯಾವ ಕಾರಿನಲ್ಲಾದರೂ ಆ ದೀಪ ಹತ್ತಲೇಬೇಕಂತೆ. ಮೂರು ತಿಂಗಳ ಕಾಯಿಲೆ ವಾಸಿಯಾದ ಕ್ಷಣದಲ್ಲೇ ನಾನು ರೋಗಿಯ ಕುತ್ತಿಗೆ ಹಿಸುಕಿದ್ದೆ. ಅದೂ ಎರಡು ಸ್ವತಂತ್ರ ಮೂಲಗಳ ಆಧಾರದ ಮೇಲೆ!

"ಮಾಮಾರ," ಎಂದ ಮಲ್ಲಪ್ಪ ಮೆಲ್ಲಗೆ, "ಹಂಗಾರ ಗಾಡಿ ಚಲೋನ ಇತ್ತೇನ್ರಿ?"

"ಚಲೋನ ಇತ್ತು."

"ಹಂಗಾರ ಗೇರ್ ಹಾಕಿ ನೋಡ್ರಲಾ. ಎತ್ತ ಜಗ್ಗಾಕತ್ತಾವು, ಒಣಗಿದ್ರ ಹತ್ತೀತು."

ಮದುವೆಯ ದಿನ ಮದುಮಗನ ಮಾತು ತೆಗೆದುಹಾಕಬಾರದು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾರಿನ ಹಿಂಭಾಗದಿಂದ 'ಢಂ!' ಎಂದಿತು. ಎಂಜಿನ್ ಅಷ್ಟು ಹೇಳಿ ಸುಮ್ಮನಾಯಿತು.

ಎತ್ತುಗಳು ಸುಮ್ಮನಾಗಲಿಲ್ಲ!

ಬಾಲ ಎತ್ತಿ ಓಡಿದವು. ಸಿದ್ರಾಮಪ್ಪ ಬಾನೆಟ್ಟಿಗೆ ಅವಚಿಕೊಂಡು ಒದರುತ್ತಿದ್ದರು. "ಏನ ಮಾಡಿದ್ರ್ಯೋ ಸಾಹೇಬ್ರ! ಹೋ ಹೋ ಹೋ!" ರುಮಾಲು ಹಾರಿಹೋಗಿ ನನಗೆ ಮೊದಲ ಬಾರಿ ರಸ್ತೆ ಕಂಡಿತು. ಕಾಣದಿದ್ದರೇ ಚೆನ್ನಾಗಿತ್ತು. ಗೇರ್ ತೆಗೆದು ಸ್ಟೇ​ರಿಂಗ್ ತಿರುಗಿಸುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಮಲ್ಲಪ್ಪ ಬಾಸಿಂಗ ಹಿಡಿದಿದ್ದ, ಕಸ್ತೂರಿ ಕಳಸ ಹಿಡಿದಿದ್ದಳು, ಆಯಿ ನನ್ನ ತೋಳು ಹಿಡಿದು, "ಈಗ ಓಡತೈತಿ ನೋಡು ಗಾಡಿ!" ಎನ್ನುತ್ತಿದ್ದರು. ವೇಗ ತೋರಿಸುವ ಮುಳ್ಳು ಹದಿನೈದು ಮೈಲಿಗೆ ಏರಿತ್ತು.

ಬಬಲೇಶ್ವರದ ಮೊದಲ ಮನೆಗಳು ಕಾಣುವಾಗ ಎತ್ತುಗಳಿಗೆ ತಮ್ಮ ಊರು ಎಂದು ಗೊತ್ತಾಗಿ ಇನ್ನಷ್ಟು ಹುರುಪು ಬಂತು. ಹಂದರದ ಮುಂದೆ ಬಾಜಾದವರು ಬಾರಿಸುವುದನ್ನು ಬಿಟ್ಟು ಎರಡೂ ಬದಿಗೆ ಹಾರಿದರು. ನಾನು ಎರಡೂ ಕಾಲು ಬ್ರೇಕಿನ ಮೇಲಿಟ್ಟೆ. ಕಾರು ನಿಂತಿತು. ಹಂದರದ ಕಂಬಕ್ಕೂ ಎತ್ತಿನ ಮೂಗಿಗೂ ಒಂದು ಗೇಣು. ಹನ್ನೊಂದು ಗಂಟೆ ಐವತ್ತನಾಲ್ಕು ನಿಮಿಷ. ಗಳಿಗೆಗೆ ಹನ್ನೊಂದು ನಿಮಿಷ ಮೊದಲು!

ಬಸಪ್ಪನವರು ಬಂದರು. ಎತ್ತು ನೋಡಿದರು, ಬಾನೆಟ್ಟಿನ ಮೇಲೆ ಬೋಳುತಲೆಯಲ್ಲಿ ಕೂತ ಸಿದ್ರಾಮಪ್ಪನವರನ್ನು ನೋಡಿದರು, ಕೊನೆಗೆ ನನ್ನನ್ನು.

"ಕಾರಿನ್ಯಾಗ ಕರ್ಕೊಂಡ ಬರ್ತೀನಿ ಅಂದಿದ್ರಿ. ಕರ್ಕೊಂಡ ಬಂದ್ರಿ," ಎಂದರು.

ನನ್ನ ಹೇಳಿಕೆಗೆ ತಿದ್ದುಪಡಿ ಬೇಕಾಗಲಿಲ್ಲ. ಹನ್ನೆರಡು ಹೊಡೆದು ಐದು ನಿಮಿಷಕ್ಕೆ ಸರಿಯಾಗಿ ಅಕ್ಕಿಕಾಳು ಬಿದ್ದವು. ಊಟಕ್ಕೆ ಕೂತಾಗ ಕಸ್ತೂರಿ ತಾನೇ ಬಂದು ನನ್ನ ಎಲೆಗೆ ಎರಡು ಹೋಳಿಗೆ ಹಾಕಿದಳು. ಮುಖವನ್ನೂ ತೋರಿಸಿದಳು. ಆದರೆ ನಗುತ್ತಿದ್ದಳು, ಸಂಜೆಯ ತನಕ ನಿಲ್ಲಿಸಲಿಲ್ಲ.

ಸೋಮವಾರ ದಸ್ತಗೀರ ಬಸ್ಸಿನಲ್ಲಿ ಬಂದು ಕಾರು ಎಬ್ಬಿಸಿದ. ಟಿಪ್ಪಣಿ ಪುಸ್ತಕ ತೆರೆದು ಅವನ ಮಾತನ್ನೂ ಕೆಳಗಿನ ನನ್ನ ವಿವರಣೆಯನ್ನೂ ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ, ನಾನೇ ಓದಿದೆ. ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ನಕ್ಕ.

"ನಮ್ಮ ಮನ್ಯಾಗೂ ಹಂಗ ರೀ ಸಾಹೇಬ್ರ. 'ಚಿರಾಗ್ ಬಢಾವ್', ದೀಪ ದೊಡ್ಡದು ಮಾಡು, ಅಂತಿದ್ಲು ನಮ್ಮ ಅಮ್ಮಾ. 'ಬುಝಾವ್', ಆರಿಸು, ಅಂದ್ರ ಬಾಯಿ ಮ್ಯಾಲೆ ಹೊಡೀತಿದ್ಲು. ಮದುವಿಗಿ ಹೊಂಟಾವ್ರ ಮುಂದ ದೀಪ ಆರತೈತಿ ಅಂತ ನಾ ಹೆಂಗ ಅನ್ನಲ್ರೀ?"

ಮುಂದಿನ ಬೆಳವಣಿಗೆ ಇಷ್ಟು. ಕಳೆದ ವಾರ ಬಬಲೇಶ್ವರದ ಬಸಪ್ಪನವರಿಂದ ಕಾಗದ ಬಂದಿದೆ. ಅವರ ಎರಡನೆಯ ಮೊಮ್ಮಗಳ ಮದುವೆ ಬರುವ ಗುರುವಾರ. ಮದುಮಗನನ್ನು ಕರೆತರಲು ನನ್ನ ಕಾರೇ ಆಗಬೇಕೆಂದು ಊರವರ ಆಗ್ರಹವಂತೆ. ಎಂಜಿನ್ ಚಾಲೂ ಮಾಡುವ ತೊಂದರೆ ತೆಗೆದುಕೊಳ್ಳಬಾರದು ಎಂದು ಕೆಳಗೆ ಗೆರೆ ಎಳೆದು ಬರೆದಿದ್ದಾರೆ. ಸಿದ್ರಾಮಪ್ಪನವರು ಎತ್ತು ಕೊಡಲು ಒಪ್ಪಿದ್ದಾರೆಂದು ತಿಳಿದುಬಂದಿದೆ.